ಈಗ ಬಂದೆ

ನಮ್ಮೂರಿಗೆ ಸೊಸೆಯಾಗಿ ಬಂದವಳಿಗೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಹೊಸ್ತಿಲ ಮಾತನ್ನು. ಮನೆಯಿಂದ ಹೊರಡುವಾಗ ಹೊಸ್ತಿಲ ಮೇಲೆ ಏನು ಅನ್ನಬೇಕು, ಏನು ಅನ್ನಬಾರದು, ಎಷ್ಟು ಸಲ ಅನ್ನಬೇಕು ಎಂದು ಅತ್ತೆಯೋ ನಾದಿನಿಯೋ ಕೂರಿಸಿಕೊಂಡು ಹೇಳಿಕೊಡಬೇಕು. ಇಲ್ಲಿ ಹೊಸ್ತಿಲ ಮೇಲೆ ನಿಂತು ‘ಬರ್ತೀನಿ’ ಅಂದರೆ ಬರಲೇಬೇಕು. ಆರು ಗಂಟೆಗೆ ಬರ್ತೀನಿ ಅಂದವರು ಆರು ಹೊಡೆಯುವಾಗ ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಮರುಗಳಿಗೆಗೆ ತಮ್ಮ ಮನೆಯೊಳಗೆ ನಿಂತಿರುತ್ತಾರೆ. ನನ್ನ ತಮ್ಮ ರುದ್ರೇಶನದು ಶಾಮಿಯಾನ ಬಾಡಿಗೆಗೆ ಕೊಡುವ ಕಸುಬು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಜಂಬ ಮಾಡಲು ಹೋಗಿ ‘ಊಟಕ್ಕೆ ಬರ್ತೀನಿ’ ಅಂದು ಹೋದ. ಅವಳು ಪಾಪ, ಗಂಡ ಹಸಿದಿರುತ್ತಾನೆ ಎಂದು ಬೇಗ ತಟ್ಟೆ ಹಾಕಿದಳು. ಕಂಬದ ತುದಿಯಲ್ಲಿ ಹಗ್ಗ ಬಿಗಿಯುತ್ತಿದ್ದವನು ಹಗ್ಗದ ಸಮೇತ ಅಡುಗೆಮನೆಯಲ್ಲಿ ಬಿದ್ದ. ಆ ಕಡೆ ಶಾಮಿಯಾನ ಬೀಗರ ತಲೆಯ ಮೇಲೆ ಕುಸಿಯಿತು. ಅಲ್ಲಿಂದಾಚೆ ‘ಕೆಲಸ ಮುಗಿಸ್ಕೊಂಡು ಬರ್ತೀನಿ’ ಅನ್ನುವುದನ್ನು ಕಲಿತ. ಊರಿನವರೆಲ್ಲ ಹೀಗೇ ಒಂದಲ್ಲ ಒಂದು ಸಲ ಬಿದ್ದು ಕಲಿತವರೇ.

ಒಂದು ಸಲ ಅಂದರೆ ಒಂದು ಸಲ ಬಂದರಾಯಿತು. ಹತ್ತು ಸಲ ಅಂದರೆ ಹತ್ತು ಸಲ ಬರಬೇಕು. ಇನ್ನು ‘ಹೋಗ್ತೀನಿ’ ಅನ್ನುವ ಮಾತಿದೆಯಲ್ಲ, ಅದನ್ನು ನಮ್ಮಲ್ಲಿ ಬದುಕಿ ಬಾಳುವವರು ಆಡುವುದಿಲ್ಲ. ಹಾಗೆ ಅಂದು ದಾಟಿದ ಮನೆಗೆ ಮತ್ತೆ ಕಾಲಿಡಲು ಆಗುವುದಿಲ್ಲ. ಸಾಯುವ ಹೊತ್ತು ಬಂದ ಹಿರಿಯರನ್ನು ಮಾತ್ರ ಬಾಗಿಲ ಹತ್ತಿರ ಹಾಸಿಗೆ ಹಾಸಿ ಮಲಗಿಸುತ್ತೇವೆ. ಅವರು ಒಂದು ಕೈಯನ್ನು ಹೊಸ್ತಿಲ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ‘ಹೋಗ್ತೀನಿ’ ಅನ್ನಬೇಕು. ಹಾಗೆ ಅನ್ನದೆ ಸತ್ತವರ ಹಳೆಯ ‘ಬರ್ತೀನಿ’ ಒಂದು ಬಾಕಿ ಉಳಿದುಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ, ನೀವು ಕೇಳಲೂ ಬೇಡಿ.

ನನ್ನ ಅವ್ವ ಹಾಗೇ ಅಂದು ಹೋದಳು. ರುದ್ರೇಶನ ಮಗಳು ಸಿಂಚು ಅವಳ ಪಕ್ಕದಲ್ಲೇ ಕೂತಿದ್ದಳು. ಅಜ್ಜಿಯೆಂದರೆ ಜೀವ ಆ ಮಗುವಿಗೆ. ಅವ್ವ ಒಂದು ಕೈಯನ್ನು ಹೊಸ್ತಿಲ ಮೇಲಿಟ್ಟು, ಇನ್ನೊಂದು ಕೈಯಿಂದ ಮೊಮ್ಮಗಳ ಕೆನ್ನೆ ಸವರಿ, ‘ಹೋಗ್ತೀನಿ ಕಂದಾ’ ಅಂದಳು. ಹಾಗೆ ಅನ್ನಲು ಬರುತ್ತದೆ ಎಂಬುದೇ ಅಲ್ಲಿಯತನಕ ಸಿಂಚುಗೆ ಗೊತ್ತಿರಲಿಲ್ಲ. ಆ ಮಗು ಅಳಲಿಲ್ಲ. ಮೆಲ್ಲಗೆ ಎದ್ದು ಅವಳ ಅಮ್ಮ ಅನ್ನಪೂರ್ಣಳ ಹತ್ತಿರ ಹೋಗಿ, ಸೀರೆಯ ಸೆರಗಿನ ತುದಿಯನ್ನು ತನ್ನ ಲಂಗದ ಲಾಡಿಗೆ ಗಂಟು ಹಾಕಿಕೊಂಡಳು. ಎಲ್ಲ ಅಲ್ಲಿಂದಲೇ ಶುರುವಾಯಿತು.

ಅನ್ನಪೂರ್ಣ ಹೊರಗಿನ ಹುಡುಗಿ. ಅವಳ ತವರಿನಲ್ಲಿ ಮಾತು ಬರೀ ಮಾತು, ಹೊಸ್ತಿಲು ಬರೀ ಮರ. ಆದರೂ ಇಷ್ಟು ವರ್ಷದಲ್ಲಿ ನಾಲಿಗೆ ಜಾರಿದವಳಲ್ಲ. ಬಸ್ ಕಂಡಕ್ಟರ್ ಕೆಲಸ ಅವಳದು. ಖಾಕಿ ಅಂಗಿ ಹಾಕಿಕೊಂಡು ‘ಲಾಸ್ಟ್ ಟ್ರಿಪ್ ಮುಗಿಸಿ ಬರ್ತೀನಿ’ ಅಂದು ಅಚ್ಚುಕಟ್ಟಾಗಿ ಹೋಗಿ ಅಚ್ಚುಕಟ್ಟಾಗಿ ಬರುತ್ತಿದ್ದಳು. ಅವ್ವ ಹೋದ ಮೇಲೆ ಅದು ಕೆಟ್ಟಿತು. ಬೆಳಿಗ್ಗೆ ಅವಳು ಅಂಗಿ ಹಾಕಿಕೊಂಡರೆ ಸಾಕು, ಸಿಂಚುಗೆ ಹೊಟ್ಟೆನೋವು. ತಿಂದದ್ದೆಲ್ಲ ವಾಂತಿ. ಶಾಲೆಯ ಹೆಸರೆತ್ತಿದರೆ ಮೈ ನಡುಗುತ್ತಿತ್ತು. ಬಾಗಿಲಿಗೆ ಅಡ್ಡ ನಿಂತು, ‘ಬೇಗ ಬರ್ತೀನಿ ಅನ್ನು. ಇನ್ನೊಂದ್ಸಲ ಅನ್ನು. ಇನ್ನೊಂದ್ಸಲ’ ಎಂದು ಪೀಡಿಸುತ್ತಿದ್ದಳು. ತಾಯಿ ಕರುಳು, ಅನ್ನುತ್ತಿದ್ದಳು. ಎಷ್ಟು ಸಲ ಅಂದಳೋ ಅಷ್ಟು ಸಲ ಬರಬೇಕಾಗುತ್ತಿತ್ತು. ಟಿಕೆಟ್ ಹರಿಯುತ್ತಿದ್ದವಳು ಮೆಷಿನ್ ಸಮೇತ ಮನೆಯಲ್ಲಿ, ಚಿಲ್ಲರೆ ಕೊಡಬೇಕಾದವಳು ಚಿಲ್ಲರೆ ಸಮೇತ ಮನೆಯಲ್ಲಿ. ಪ್ರಯಾಣಿಕರು ಬಸ್ಸಿನ ತುಂಬ ಬಾಯಿ ಬಡಿದುಕೊಳ್ಳುತ್ತಿದ್ದರು. ಡಿಪೋದವರು ರಜೆ ಹಾಕಿ ಮನೆಯಲ್ಲಿರಿ ಅಂದರು.

ನಮ್ಮೂರಿನಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಅಮ್ಮ ಬಂದೇ ಬರುತ್ತಾಳೆ ಎಂದು ಗೊತ್ತಿರುವ ಮಕ್ಕಳು ಯಾಕೆ ಅಳುತ್ತವೆ ಹೇಳಿ. ನಾನು ಪಕ್ಕದ ಮನೆಯವಳು, ಹಿಟ್ಟಿನ ಗಿರಣಿ ನಡೆಸುವವಳು, ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟು ಒಬ್ಬಳೇ ಬಾಳುವವಳು. ನನಗೆ ತಿಳಿದಂತೆ ನಾನೂ ಅಂದೆ, ‘ಎರಡು ಬಿಟ್ರೆ ಸರಿಹೋಗ್ತಾಳೆ’ ಅಂತ. ಅನ್ನಪೂರ್ಣ ನನ್ನ ಮುಖ ನೋಡಿ, ‘ಅಕ್ಕಾ, ಅವಳ ಎದೆ ಮೇಲೆ ಕೈಯಿಟ್ಟು ನೋಡಿ’ ಅಂದಳು. ಇಟ್ಟೆ. ನನ್ನ ಗಿರಣಿಯ ಬೆಲ್ಟು ಹಾಗೆ ಓಡುವುದಿಲ್ಲ. ಮತ್ತೆ ನಾನು ಏಟಿನ ಮಾತೆತ್ತಲಿಲ್ಲ.

ಪಕ್ಕದ ಊರಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಮಕ್ಕಳ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ಯಾರೋ ಹೇಳಿದರು. ನಿಶಾತ್ ಮೇಡಂ ಅಂತ. ನಾವು ಮೂವರೂ ಮಗುವನ್ನು ಕರೆದುಕೊಂಡು ಹೋದೆವು. ಆಕೆ ಸಿಂಚುವಿನ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ‘ಇದು ಹಟ ಅಲ್ಲಮ್ಮಾ, ಮುದ್ದು ಹೆಚ್ಚಾಗಿ ಕೆಟ್ಟಿದ್ದೂ ಅಲ್ಲ. ಅಗಲೋ ಭಯ. ಇದೂ ಒಂದು ಕಾಯಿಲೆ. ವಾಸಿಯಾಗುತ್ತೆ, ಆದ್ರೆ ಮಾಡಬೇಕಾದ್ದನ್ನ ನೀವೇ ಮಾಡಬೇಕು’ ಅಂದರು.

ಮಾಡಬೇಕಾದ್ದು ಏನೆಂದರೆ ಅಗಲುವುದನ್ನೇ ಚೂರು ಚೂರಾಗಿ ರೂಢಿ ಮಾಡಿಸುವುದು. ಮೊದಲು ಅಮ್ಮ ಅಡುಗೆಮನೆಯಲ್ಲಿ, ಮಗು ನಡುಮನೆಯಲ್ಲಿ. ಅದು ಒಗ್ಗಿದ ಮೇಲೆ ಅಮ್ಮ ಜಗಲಿಯಲ್ಲಿ, ಬಾಗಿಲು ತೆರೆದೇ ಇರಬೇಕು. ಆಮೇಲೆ ಬಾಗಿಲು ಮುಚ್ಚಿ. ಆಮೇಲೆ ನನ್ನ ಗಿರಣಿಯ ತನಕ. ಯಾವ ಮೆಟ್ಟಿಲು ಯಾವಾಗ ಹತ್ತುವುದು ಎಂದು ಮಗುವೇ ಹೇಳಬೇಕು. ಕದ್ದು ಹೋಗಕೂಡದು, ಬಾಗಿಲಲ್ಲಿ ಅಳುತ್ತಾ ನಿಲ್ಲಕೂಡದು. ಹೆದರಿಕೆ ಬಂದಾಗ ಹೊಟ್ಟೆಯಲ್ಲಿ ಬಲೂನು ಊದುವ ಹಾಗೆ ಉಸಿರೆಳೆದು ಬಿಡಬೇಕು. ಒಂದು ಮೆಟ್ಟಿಲು ಹತ್ತಿದರೆ ಅಮ್ಮ ಹಣೆಗಿಡುವ ಟಿಕ್ಲಿ ಒಂದನ್ನು ತೆಗೆದು ಬಾಗಿಲ ಚೌಕಟ್ಟಿಗೆ ಅಂಟಿಸಬಹುದು. ಇಷ್ಟೇನಾ ಅಂದುಕೊಂಡೆ ನಾನು. ಇಷ್ಟು ಹೇಳಲು ಡಾಕ್ಟರು ಬೇಕಿತ್ತಾ.

ಆಮೇಲೆ ಆಕೆ ಅಂದ ಮಾತಿಗೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ‘ಕೊನೆಕೊನೆಗೆ, ಮಗೂಗೆ ಗೊತ್ತಿರೋ ಹಾಗೇ, ಬರ್ತೀನಿ ಅಂತ ಹೇಳದೆ ಹೋಗಿ ಬನ್ನಿ’ ಅಂದರು.

‘ಏನಂದ್ರಿ? ಹೇಳದೆ ಹೊಸ್ತಿಲು ದಾಟೋದಾ?’ ಅಂದೆ.

‘ಹೌದಮ್ಮಾ. ನಿಮ್ಮೂರಿನ ವಿಷಯ ನಂಗೆ ಗೊತ್ತು. ಅಮ್ಮ ಬರ್ತಾಳೆ ಅಂತ ನಿಮ್ಮ ಮಕ್ಕಳಿಗೆ ಗೊತ್ತಿರುತ್ತೆ, ಹಾಗಾಗಿ ನಂಬೋ ಅಗತ್ಯಾನೇ ಬಂದಿಲ್ಲ. ಈ ಮಗೂಗೆ ಬಂದಿದೆ. ಅವಳಮ್ಮ ಮಾತಿಗೆ ಕಟ್ಟುಬಿದ್ದು ಬರಬಾರದು, ಕಾಲಲ್ಲಿ ನಡ್ಕೊಂಡು ಬರಬೇಕು. ಅದನ್ನ ಅವಳು ನೋಡಬೇಕು.’

ದಾರಿಯುದ್ದಕ್ಕೂ ನಾನು ಗೊಣಗಿದೆ. ಆದರೆ ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳಬೇಕು, ಆಕೆಯ ಮದ್ದು ನಾಟಿತು. ಬಾಗಿಲ ಚೌಕಟ್ಟಿನಲ್ಲಿ ಕೆಂಪು ಟಿಕ್ಲಿಗಳು ಒಂದರ ಮೇಲೊಂದು ಏರತೊಡಗಿದವು. ಸೆರಗಿನ ಗಂಟು ಬಿಚ್ಚಿತು. ಅನ್ನಪೂರ್ಣ ನನ್ನ ಗಿರಣಿಗೆ ಬಂದು ಒಂದು ಸೇರು ರಾಗಿ ಬೀಸಿಸಿಕೊಂಡು ಹೋಗುವಷ್ಟರಲ್ಲಿ ಮಗು ಒಳಗೆ ಬಲೂನು ಊದುತ್ತಾ ಕೂತಿರುತ್ತಿದ್ದಳು, ಅಳುತ್ತಿರಲಿಲ್ಲ. ಕೊನೆಗೆ ಅವಳೇ ಅಂದಳಂತೆ, ‘ನಾಳೆ ಹೇಳದೆ ಹೋಗಮ್ಮ. ಮೂಲೆ ಅಂಗಡಿ ತನಕ.’

ಆ ನಾಳೆ ಬೆಳಿಗ್ಗೆ ನಾನು ಅವರ ಜಗಲಿಯಲ್ಲಿ ಕೂತು ಜೋಳ ಕೇರುತ್ತಿದ್ದೆ. ನೋಡಬೇಕೆಂದೇ ಬಂದು ಕೂತಿದ್ದೆ ಅನ್ನಿ. ಅನ್ನಪೂರ್ಣ ಕೊತ್ತಂಬರಿ ಸೊಪ್ಪು ತರಲು ಹೊರಟಳು. ಒಳಗೆ ಹಾಲು ಉಕ್ಕುವ ಸದ್ದು, ಕೈಯಲ್ಲಿ ಡಿಪೋದವರ ಫೋನು, ‘ಡ್ಯೂಟಿಗೆ ಯಾವಾಗಿಂದ ಬರ್ತೀರಾ’ ಎಂದು ಅವರು ಕೇಳುವುದು ನನಗೂ ಕೇಳುತ್ತಿತ್ತು. ಅವಳ ಒಂದು ಕಾಲು ಹೊಸ್ತಿಲ ಮೇಲೆ, ಇನ್ನೊಂದು ಹೊರಗೆ. ಅಷ್ಟರಲ್ಲಿ ಒಳಗಿಂದ ಸಿಂಚು ‘ಅಮ್ಮಾ’ ಎಂದು ಕೂಗಿದಳು. ಅನ್ನಪೂರ್ಣ ಏನೂ ಅನ್ನಬಾರದಿತ್ತು. ಗಡಿಬಿಡಿಯಲ್ಲಿ ಅವಳ ಬಾಯಿಗೆ ತವರಿನ ಮಾತು ಬಂತು. ‘ಈಗ ಬಂದೆ ಚಿನ್ನಾ’ ಅಂದು ಇಳಿದು ಹೋದಳು.

ನಿಮಗೆ ಇದರಲ್ಲಿ ವಿಶೇಷ ಏನೂ ಕಾಣಿಸದಿರಬಹುದು. ಬೇರೆ ಊರುಗಳಲ್ಲಿ ದಿನಕ್ಕೆ ನೂರು ಸಲ ಅನ್ನುತ್ತಾರಂತೆ. ಇನ್ನೂ ಹೋಗೇ ಇಲ್ಲದವರು ಬಂದೆ ಅನ್ನುತ್ತಾರೆ, ಕೇಳಿದವರು ಸರಿ ಅನ್ನುತ್ತಾರೆ. ಮನೆಯೊಳಗಿದ್ದವರನ್ನು ಕರೆದರೆ ನಾವೂ ‘ಬಂದೆ’ ಅನ್ನುತ್ತೇವೆ, ಅದು ಬೇರೆ. ಹೊಸ್ತಿಲ ಮೇಲೆ ನಿಂತು ಹೊರಡುವವರು ಹಾಗೆ ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗೆ ಅನ್ನಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅಂದರೆ ಏನಾಗುತ್ತದೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅವಳು ಬೀದಿಯಲ್ಲಿ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಜಡೆ, ಹಸಿರು ಸೀರೆ, ಕೈಯಲ್ಲಿ ಚೀಲ. ಆಗಲೇ ಒಳಗೆ ಬಳೆಯ ಸದ್ದಾಯಿತು. ಸಿಂಚು ನಕ್ಕು, ‘ಇಷ್ಟು ಬೇಗ ಬಂದ್ಯಾ?’ ಅಂದಳು. ನಾನು ಮೊರ ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿದೆ. ಅನ್ನಪೂರ್ಣ ಕಾಲೊರಸಿನ ಮೇಲೆ ಕಾಲೊರಸಿಕೊಳ್ಳುತ್ತಿದ್ದಳು. ಅದೇ ಜಡೆ, ಅದೇ ಹಸಿರು ಸೀರೆ. ಮತ್ತೆ ಬೀದಿ ನೋಡಿದೆ. ಅನ್ನಪೂರ್ಣ ಅಂಗಡಿಯ ಮುಂದೆ ನಿಂತು ಸೊಪ್ಪಿನ ಕಂತೆ ಆರಿಸುತ್ತಿದ್ದಳು. ಕೈಯ ಮೊರ ಜಾರಿತು. ಜೋಳವೆಲ್ಲ ಜಗಲಿಯ ಮೇಲೆ ಚೆಲ್ಲಿತು.

‘ಅನ್ನಪೂರ್ಣಾ’ ಎಂದು ಒಳಗಿದ್ದವಳನ್ನು ಕರೆದೆ.

‘ಬಂದೆ’ ಅಂದಳು.

‘ಯಾರೇ ನೀನು?’

‘ಬಂದೆ’ ಅಂದಳು ಮತ್ತೆ. ಉಕ್ಕುವ ಹಾಲನ್ನು ಇಳಿಸಿದಳು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು, ತಲೆ ಸವರಿದಳು. ಒಂದೊಂದೂ ಅನ್ನಪೂರ್ಣ ಮಾಡುವ ಹಾಗೆಯೇ. ಕತ್ತಿನ ಮಚ್ಚೆ ಕೂಡ ಇದ್ದಲ್ಲಿಯೇ ಇತ್ತು.

ಸೊಪ್ಪು ತಂದವಳು ಬಾಗಿಲಿಗೆ ಬಂದು ಒಳಗೆ ನೋಡಿದಳು. ಆ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ. ನೇರ ಒಳಗೆ ನುಗ್ಗಲು ಹೋದಳು. ಎತ್ತಿದ ಕಾಲು ಹೊಸ್ತಿಲ ಮೇಲಕ್ಕೆ ಬಂದದ್ದು ಮುಂದೆ ಹೋಗಲೇ ಇಲ್ಲ. ಇನ್ನೊಂದು ಕಾಲಿಟ್ಟು ನೋಡಿದಳು, ಕೈ ಚಾಚಿದಳು, ಭುಜ ಕೊಟ್ಟು ನೂಕಿದಳು. ನಾನು ಹಿಂದಿನಿಂದ ತಳ್ಳಿದೆ. ಆಗಲಿಲ್ಲ. ಅನ್ನಪೂರ್ಣ ಬಂದಾಗಿತ್ತು. ಬಂದಾಗಿರುವವಳು ಇನ್ನೊಮ್ಮೆ ಬರುವುದು ಎಲ್ಲಿಂದ.

‘ಸಿಂಚೂ, ನಾನು ಕಣೇ’ ಅಂದಳು.

ಮಗು ಹೊರಗಿದ್ದವಳನ್ನು ನೋಡಿದಳು, ಒಳಗಿದ್ದವಳನ್ನು ನೋಡಿದಳು. ಆಮೇಲೆ ಒಳಗಿದ್ದವಳ ಬೆನ್ನ ಹಿಂದೆ ಹೋಗಿ ಬಚ್ಚಿಟ್ಟುಕೊಂಡಳು. ಅನ್ನಪೂರ್ಣ ಸೊಪ್ಪಿನ ಚೀಲವನ್ನು ಎದೆಗೊತ್ತಿಕೊಂಡು ಜಗಲಿಯ ಮೇಲೆ ಕುಸಿದಳು.

ಮಧ್ಯಾಹ್ನ ರುದ್ರೇಶ ಬಂದ. ಹೊರಗೊಬ್ಬಳು ಹೆಂಡತಿ, ಒಳಗೊಬ್ಬಳು ಹೆಂಡತಿ. ಅವನು ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ‘ಅಕ್ಕಾ, ನಂಗೇನೋ ಆಗಿದೆ’ ಎಂದು ತಲೆ ಹಿಡಿದುಕೊಂಡ. ಆಮೇಲೆ ಧೈರ್ಯ ಮಾಡಿ ಮಗುವನ್ನು ಎತ್ತಿಕೊಂಡು ಹೊರಗೆ ತರಲು ನೋಡಿದ. ಸಿಂಚು ಕಿರುಚಿದ ಕಿರುಚಾಟಕ್ಕೆ ಬೀದಿಯೇ ಬಂದು ನಿಂತಿತು. ವಾಂತಿಯಾಯಿತು, ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿಯಾಯಿತು. ಒಳಗಿನವಳು ‘ಬಂದೆ ಬಂದೆ’ ಅನ್ನುತ್ತಾ ಮಗುವಿನ ಕಾಲು ಹಿಡಿದಿದ್ದಳು. ಹೊರಗಿನಿಂದ ಅನ್ನಪೂರ್ಣಳೇ, ‘ಬಿಡ್ರೀ, ಎಳೀಬೇಡಿ, ನನ್ ಮಗು ಹೋಗ್ಬಿಡುತ್ತೆ’ ಎಂದು ಅರಚಿದಳು. ಅವನು ಕೆಳಗಿಳಿಸಿದ. ಮಗು ಓಡಿಹೋಗಿ ಆ ಮಡಿಲು ಸೇರಿತು.

ಸಂಜೆ ನಾನು ಕಿಟಕಿಯ ಹತ್ತಿರ ಹೋಗಿ, ‘ಯಾಕೆ ಸಿಂಚೂ, ನಿಮ್ಮಮ್ಮ ಹೊರಗೆ ಅಳ್ತಾ ಇಲ್ವಾ?’ ಎಂದು ಕೇಳಿದೆ. ‘ಅವಳು ಹೋಗ್ತಾಳೆ ಅತ್ತೆ. ಈ ಅಮ್ಮ ಎಲ್ಲೂ ಹೋಗಲ್ಲ’ ಅಂದಳು. ಜಗಲಿಯಲ್ಲಿ ಕೂತಿದ್ದ ಅನ್ನಪೂರ್ಣ ಅದನ್ನು ಕೇಳಿಸಿಕೊಂಡಳು.

ಊರಿನ ಹಿರಿಯರು ಬಂದರು, ಹೊಸ್ತಿಲು ಕಿತ್ತರೆ ಹೇಗೆ ಅಂದರು. ಕಿತ್ತರೆ ಒಳಗಿರುವ ಮಗುವಿಗೆ ಏನಾಗುತ್ತದೋ ಎಂದು ಯಾರೂ ಕೈ ಹಾಕಲಿಲ್ಲ. ರುದ್ರೇಶ ಹೋಗಿ ಡಾಕ್ಟರನ್ನೇ ಕರೆದುಕೊಂಡು ಬಂದ. ನಿಶಾತ್ ಮೇಡಂ ಒಳಗೆ ಹೋಗಿ, ನಾವು ಆಗಲೇ ‘ಬಂದವಳು’ ಎಂದು ಕರೆಯತೊಡಗಿದ್ದ ಆ ಹೆಣ್ಣಿನ ಕೈ ಹಿಡಿದು ನಾಡಿ ನೋಡಿದರು, ಕಣ್ಣ ರೆಪ್ಪೆ ಎತ್ತಿ ನೋಡಿದರು. ಹೊರಗೆ ಬಂದು ಜಗಲಿಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದರು.

‘ಇಂಥದ್ದನ್ನ ನಾನು ಓದಿಲ್ಲ, ಕೇಳಿಲ್ಲ’ ಅಂದರು. ತಂಬಿಗೆ ಕೆಳಗಿಟ್ಟು, ‘ಆದ್ರೆ ಮಗು ಅದೇ, ಭಯಾನೂ ಅದೇ. ಮದ್ದು ಬದಲಾಯಿಸೋಕೆ ನಂಗೆ ಕಾರಣ ಕಾಣಿಸ್ತಿಲ್ಲ. ಅವಳೇ ಎದ್ದು ಬರಬೇಕು. ಚೂರು ಚೂರಾಗಿ’ ಅಂದರು.

‘ಅಲ್ಲೀತನಕ ನಾನೇನ್ ಮಾಡ್ಲಿ ಮೇಡಂ?’ ಎಂದು ಅನ್ನಪೂರ್ಣ ಕೇಳಿದಳು.

‘ಡ್ಯೂಟಿಗೆ ಹೋಗಿ.’

ನಾನು ಕಿಡಿಕಿಡಿಯಾದೆ. ‘ಹೆತ್ತ ಮಗು ಇನ್ನೊಬ್ಬಳ ಕೈಲಿರೋವಾಗ ಬಸ್ ಹತ್ತು ಅಂತೀರಲ್ಲ, ನಿಮಗೆ ಮಕ್ಕಳಿದಾವೇನ್ರಿ?’ ಅಂದೆ. ಆಕೆಗೆ ಸಿಟ್ಟು ಬರಲಿಲ್ಲ. ‘ಇಬ್ಬರಿದಾರೆ. ಇಲ್ಲೇ ಕಾವಲು ಕೂತ್ರೆ ಇವರೂ ಒಳಗಿರೋವರ ಥರಾನೇ ಆಗ್ತಾರೆ. ಹೋಗಲಿ, ಸಂಜೆ ಬರಲಿ. ಮಗು ಎರಡನ್ನೂ ನೋಡಲಿ’ ಅಂದರು.

ಅನ್ನಪೂರ್ಣ ನನ್ನ ಮನೆಯಲ್ಲಿ ಉಳಿದಳು. ರುದ್ರೇಶ ಮಗುವಿಗೆಂದು ಆ ಮನೆಯಲ್ಲೇ ಇದ್ದ, ಆದರೆ ಮಲಗುವುದು ಜಗಲಿಯ ಮೇಲೆ. ಹೆಂಡತಿಯ ಜೊತೆ ಇರಲು ಅವನಿಗೆ ನಾಚಿಕೆಯಾಗಿದ್ದು ಅದೇ ಮೊದಲು ಎಂದು ಜನ ಆಡಿಕೊಂಡರು. ಬೆಳಿಗ್ಗೆ ಅನ್ನಪೂರ್ಣ ಖಾಕಿ ಅಂಗಿ ಹಾಕಿಕೊಂಡು ನನ್ನ ಹೊಸ್ತಿಲನ್ನು ಬಾಯಿ ಬಿಡದೆ ದಾಟುತ್ತಿದ್ದಳು. ದಿನವೂ ನಾನು ಬಾಗಿಲಿಗೆ ಬಂದು, ಅವಳು ಮರೆಯಾಗುವ ತನಕ ನೋಡುತ್ತಿದ್ದೆ. ಸಂಜೆ ಬಂದು, ಆ ಮನೆಯ ಕಿಟಕಿಯ ಹೊರಗೆ ಚೀಲ ಇಳಿಸಿ, ಅವತ್ತು ಬಸ್ಸಿನಲ್ಲಿ ನಡೆದದ್ದನ್ನು ಹೇಳುತ್ತಿದ್ದಳು. ಬಾ ಅನ್ನುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬರೀ ಹೇಳುತ್ತಿದ್ದಳು.

‘ಇವತ್ತು ಒಬ್ಬ ತಾತ ಬೀರುವಿನ ಕನ್ನಡಿ ಬಾಗಿಲು ತಗೊಂಡು ಹತ್ತಿದ ಕಣೇ. ಆಳೆತ್ತರ ಇತ್ತು. ನಿಲ್ಲಿಸೋಕೆ ಜಾಗ ಇಲ್ಲ ಅಂತ ನಡುವೆ ಹಿಡ್ಕೊಂಡ. ಬಸ್ಸಲ್ಲಿದ್ದೋರೆಲ್ಲ ಅದರಲ್ಲಿ ನೋಡ್ಕೊಂಡು ತಲೆ ಬಾಚ್ಕೊಂಡ್ರು. ಒಬ್ಬಳು ಹೂವನ್ನೂ ಮುಡ್ಕೊಂಡ್ಲು. ಅವಳಿಳಿಯೋ ಊರು ಹಿಂದಕ್ಕೆ ಹೋಗಿತ್ತು.’

ಒಳಗಿಂದ ಸಿಂಚು ನಕ್ಕದ್ದು ಕೇಳಿಸಿತು. ಮೇಡಂ ಹೇಳಿದ ಹಾಗೆ ರುದ್ರೇಶ ಅವಳನ್ನು ಕಿಟಕಿಯ ಹತ್ತಿರ ಕೂರಿಸುತ್ತಿದ್ದ. ಬಂದವಳ ತೊಡೆಯಿಂದ ಕಿಟಕಿಯ ತನಕ ಒಂದು ಮೆಟ್ಟಿಲು. ಟಿಕ್ಲಿ ಅಂಟಿಸುವುದನ್ನು ಸಿಂಚು ಮರೆಯಲಿಲ್ಲ.

ಒಂದು ದಿನ ಹಿಟ್ಟಿನ ಡಬ್ಬ ಕೊಡಲು ಹೋದಾಗ ಅವಳ ಮಾತು ನನ್ನ ಕಿವಿಗೆ ಬಿತ್ತು. ‘ಅಮ್ಮಾ, ನೀನೂ ಒಂದು ಹೇಳು’ ಎಂದು ಬಂದವಳನ್ನು ಕೇಳುತ್ತಿದ್ದಳು.

‘ಬಂದೆ.’

‘ಬಂದಿದ್ದಲ್ಲಮ್ಮ. ಎಲ್ಲಿಂದ ಬಂದೆ? ಅಲ್ಲೇನಿತ್ತು, ಅದನ್ನ ಹೇಳು.’

‘ಬಂದೆ’ ಅಂದಳು ಅವಳು, ಅಷ್ಟೇ ಅಕ್ಕರೆಯಿಂದ. ಎಲ್ಲಿಗೂ ಹೋಗಿರದವಳ ಹತ್ತಿರ ಹೇಳಲು ಏನಿರುತ್ತದೆ. ಸಿಂಚು ಅವಳ ಬಾಯನ್ನೇ ನೋಡುತ್ತಾ ಕೂತಿದ್ದಳು. ನನಗೆ ಮಗುವಿನ ಮೇಲೂ ಮರುಕ ಬಂತು, ಆ ಹೆಣ್ಣಿನ ಮೇಲೂ ಬಂತು.

ಮಾರನೆಯ ಸಂಜೆ ಬಸ್ಸು ಬರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು. ನಾನೂ ರುದ್ರೇಶನೂ ಅವರ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಕಿಟಕಿಯ ಸರಳಿನ ಮಧ್ಯೆ ಸಿಂಚುವಿನ ಮುಖ ಕಂಡಿತು. ಹಣೆ ಕಬ್ಬಿಣಕ್ಕೆ ಒತ್ತಿ ಕೆಂಪಾಗಿತ್ತು. ಒಳಗಿನ ಆ ‘ಬಂದವಳು’ ಅವಳ ಬೆನ್ನ ಹಿಂದೆ ಜಡೆ ನೇವರಿಸುತ್ತಾ ನಿಂತಿದ್ದಳು. ಅಮ್ಮನನ್ನು ಬೆನ್ನಿಗಿಟ್ಟುಕೊಂಡು ಆ ಮಗು ಅಮ್ಮನಿಗಾಗಿ ಬೀದಿ ನೋಡುತ್ತಿತ್ತು.

‘ಅತ್ತೆ, ಬರ್ತೀನಿ ಅಂದು ಹೋಗಿದ್ಲಾ?’

‘ಇಲ್ಲ ಕಣೇ. ಅವಳು ಈಗ ಅನ್ನಲ್ವಲ್ಲ.’

ಸಿಂಚು ಹೊಟ್ಟೆ ಉಬ್ಬಿಸಿ ಉಸಿರೆಳೆದು ಬಿಟ್ಟಳು. ಮತ್ತೆ ಎಳೆದಳು, ಬಿಟ್ಟಳು. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ. ಕೊನೆಗೆ ಬೀದಿಯ ತುದಿಯಲ್ಲಿ ಅನ್ನಪೂರ್ಣ ಕಂಡಳು. ಬಸ್ಸು ಕೆಟ್ಟು ನಿಂತು, ಅರ್ಧ ದಾರಿ ನಡೆದು ಬಂದಿದ್ದಳು. ಕೈತುಂಬ ಗ್ರೀಸು, ಕಾಲಲ್ಲಿ ಧೂಳು, ಒಂದು ಚಪ್ಪಲಿ ಕಿತ್ತು ಕೈಯಲ್ಲಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತು, ‘ಇವತ್ತು ಏನೂ ಹೇಳಕ್ಕಾಗಲ್ಲ ಚಿನ್ನಾ. ತುಂಬಾ ಸುಸ್ತು’ ಎಂದು ಕಣ್ಣು ಮುಚ್ಚಿದಳು.

‘ಅಮ್ಮಾ’ ಅಂದಳು ಸಿಂಚು.

‘ಬಂದೆ’ ಅಂದಳು ಒಳಗಿನವಳು.

‘ನಾನು ಬರಕ್ಕಾಗಲ್ಲ ಕಣೇ’ ಅಂದಳು ಹೊರಗಿನವಳು, ಕಣ್ಣು ತೆರೆಯದೆಯೇ.

ಕಿಟಕಿಯಿಂದ ಮುಖ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಸಿಂಚು ಬಾಗಿಲಲ್ಲಿ ಬಂದು ನಿಂತಳು. ಅವಳ ಬೆನ್ನಿಗೇ ಆ ‘ಬಂದವಳೂ’ ನಿಂತಳು. ರುದ್ರೇಶ ಏಳಲು ಹೋದ, ನಾನು ಅವನ ರಟ್ಟೆ ಹಿಡಿದು ಕೂರಿಸಿದೆ. ಮಗುವಿನ ಕಾಲು ಗಡಗಡ ನಡುಗುತ್ತಿತ್ತು. ಒಂದು ಕಾಲನ್ನು ಹೊಸ್ತಿಲ ಮೇಲಿಟ್ಟಳು. ನನ್ನ ಬಾಯಿಗೆ ಅಭ್ಯಾಸ ಬಲದಿಂದ ‘ಬರ್ತೀನಿ ಅನ್ನು’ ಎಂದು ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ. ಹಾಗೆ ಅಂದರೆ ಅವಳು ಆ ಮನೆಗೇ ಮರಳಬೇಕು. ಏನೂ ಅನ್ನದೆ ಬಂದುಬಿಡಲಿ ಶಿವನೇ ಎಂದು ಬೇಡಿಕೊಂಡೆ.

ಸಿಂಚು ತಿರುಗಿದಳು. ಕೈ ಎತ್ತಿ ಬಂದವಳ ಕೆನ್ನೆಯನ್ನು ಸವರಿದಳು. ನನ್ನ ಅವ್ವ ಹೇಗೆ ಸವರಿದ್ದಳೋ ಹಾಗೇ.

‘ಹೋಗ್ತೀನಿ’ ಅಂದಳು.

ಆರು ವರ್ಷದ ಮಗುವಿನ ಬಾಯಲ್ಲಿ ಆ ಮಾತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತಲ್ಲೇ ನಿಂತರು. ರುದ್ರೇಶ ಕಿವಿ ಮುಚ್ಚಿಕೊಂಡ. ನನಗೆ ಅವ್ವನ ಹಾಸಿಗೆ, ಅವ್ವನ ಕೈ ಎಲ್ಲ ಕಣ್ಣ ಮುಂದೆ ಬಂದವು. ಮಗು ಈಗಲೇ ಬಿದ್ದುಬಿಡುತ್ತದೆ ಎಂದು ಎರಡೂ ಕೈ ಚಾಚಿದೆ. ಸಿಂಚು ಬೀಳಲಿಲ್ಲ. ಹೊಸ್ತಿಲು ಇಳಿದು, ಜಗಲಿ ದಾಟಿ, ಗ್ರೀಸು ಮೆತ್ತಿದ ಆ ಅಂಗಿಯಲ್ಲಿ ಮುಖ ಹುದುಗಿಸಿದಳು. ಅನ್ನಪೂರ್ಣ ಆಗ ಅತ್ತಳು, ಅಷ್ಟು ದಿನದ್ದೂ ಸೇರಿಸಿ. ಬಂದವಳು ಒಂದು ಹೆಜ್ಜೆ ಮುಂದಿಟ್ಟಳು, ಹೊಸ್ತಿಲು ಬಿಡಲಿಲ್ಲ. ‘ಬಂದೆ’ ಅಂದಳು, ಅಲ್ಲೇ ನಿಂತಳು.

ಆ ಮನೆಗೆ ಸಿಂಚು ಇನ್ನು ಕಾಲಿಡುವಂತಿಲ್ಲ, ಅವಳ ಅಮ್ಮನೂ ಇಡುವಂತಿಲ್ಲ. ರುದ್ರೇಶ ಒಬ್ಬನೇ ಹೋಗಿ ಪಾತ್ರೆಪಗಡ, ಬಟ್ಟೆಬರೆ, ಶಾಲೆಯ ಚೀಲ ಎಲ್ಲ ಹೊತ್ತು ತಂದ. ಬಾಗಿಲು ಹಾಕಿಕೊಂಡು ಬರುವಾಗ ಅವನ ಕಣ್ಣು ಒದ್ದೆಯಾಗಿತ್ತು, ನಾನು ಕೇಳಲು ಹೋಗಲಿಲ್ಲ. ಈಗ ಮೂವರೂ ನನ್ನ ಮನೆಯಲ್ಲೇ. ನಿಶಾತ್ ಮೇಡಂ ಇನ್ನೂ ಕೆಲವು ತಿಂಗಳು ಬರಲು ಹೇಳಿದ್ದಾರೆ, ಭಯ ಒಂದೇ ಸಲಕ್ಕೆ ಹೋಗುವುದಿಲ್ಲವಂತೆ. ಸಿಂಚು ಶಾಲೆಗೆ ಹೋಗುತ್ತಾಳೆ. ಕೆಲವು ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ, ಬಲೂನು ಊದುತ್ತಾ ಹೋಗುತ್ತಾಳೆ. ‘ಅವತ್ತು ಯಾಕೆ ಹಾಗಂದೆ?’ ಎಂದು ಒಮ್ಮೆ ಕೇಳಿದೆ. ‘ಅಜ್ಜಿ ಸುಮ್ನೆ ಹೋಗ್ಲಿಲ್ವಲ್ಲ ಅತ್ತೆ. ಹೇಳೇ ಹೋದ್ಲಲ್ವಾ’ ಅಂದಳು. ಅಜ್ಜಿಯ ಆ ಮಾತಿಗೇ ಹೆದರಿ ಕಾಯಿಲೆ ಬಿದ್ದವಳು ಇವಳೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ನಿನ್ನೆ ಸಂಜೆ ಮತ್ತೆ ಬಸ್ಸು ತಡ. ನಾವಿಬ್ಬರೂ ನನ್ನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು.

‘ಭಯ ಆಗಲ್ವೇನೇ?’ ಅಂದೆ.

‘ಆಗುತ್ತೆ’ ಎಂದು ಒಂದು ಕಾಯಿ ಬಿಡಿಸಿದಳು.

‘ಬರ್ತೀನಿ ಅಂದಿಲ್ವಲ್ಲ ಅವಳು.’

‘ಅಂದಿಲ್ಲ. ಆದ್ರೂ ಬರ್ತಾಳೆ.’

ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಸಿಂಚು ಎದ್ದು ನಿಂತು ‘ಅಮ್ಮಾ’ ಎಂದು ಜೋರಾಗಿ ಕೂಗಿದಳು. ಪಕ್ಕದ ಮುಚ್ಚಿದ ಮನೆಯೊಳಗಿಂದ ‘ಬಂದೆ’ ಎಂದು ಕೇಳಿಸಿತು, ಅಷ್ಟೇ ಅಕ್ಕರೆಯಿಂದ, ಅಷ್ಟೇ ಬೇಗ. ಸಿಂಚು ಆ ಕಡೆ ತಿರುಗಲಿಲ್ಲ. ಬೀದಿಯಲ್ಲಿ ಚೀಲ ಹೊತ್ತು ಒಂದೊಂದೇ ಹೆಜ್ಜೆಯಿಡುತ್ತಾ ಬರುತ್ತಿದ್ದವಳನ್ನೇ ನೋಡುತ್ತಾ ನಿಂತಿದ್ದಳು.